ಗರಗಸ ಮಂಡಲದ ಸದ್ದು

ಮರಳುಗಾಡಿನ ಅಂಚಿನ ಆ ಪಟ್ಟಣದಲ್ಲಿ ಅವನನ್ನು ಎಲ್ಲರೂ ಹಾವಿನಣ್ಣ ಎಂದೇ ಕರೆಯುತ್ತಿದ್ದರು. ಹಾವು ಕಡಿತಕ್ಕೆ ಮದ್ದು ತಯಾರಿಸುವ ಸಂಸ್ಥೆಯಲ್ಲಿ ಗರಗಸ ಮಂಡಲ ಎಂಬ ವಿಷದ ಹಾವುಗಳನ್ನು ಸಾಕಿ, ಅವುಗಳ ವಿಷ ತೆಗೆಯುವುದು ಅವನ ಕೆಲಸ. ಬಾಯಿಗೆ ತೆಳು ರಬ್ಬರು ಬಿಗಿದ ಗಾಜಿನ ಲೋಟ, ಅದನ್ನು ಕಚ್ಚುವ ಮೊಳದುದ್ದದ ಹಾವು, ತಳದಲ್ಲಿ ನಿಲ್ಲುವ ಹಳದಿ ಹನಿ. ಈ ಕೆಲಸದಲ್ಲೇ ಅವನ ತಲೆ ನರೆತಿತ್ತು.

ಆ ಹಾವಿನ ಮಾತೆತ್ತಿದರೆ ಅವನಿಗೆ ಊಟ ನಿದ್ದೆ ಬೇಡ. ಬಿಸಿಲಿರುವಷ್ಟು ಹೊತ್ತು ಅದು ಕಲ್ಲಿನಡಿ ಅಡಗಿರುತ್ತದೆ, ಇಲ್ಲವೇ ಕಣ್ಣಷ್ಟೇ ಹೊರಗಿಟ್ಟು ಮರಳಲ್ಲಿ ಹೂತುಕೊಂಡಿರುತ್ತದೆ. ನೆಲ ತಣ್ಣಗಾದ ಮೇಲೆ ಓರೆಯಾಗಿ ಸರಿಯುತ್ತ ಇಲಿ, ಹಲ್ಲಿ, ಚೇಳುಗಳಿಗೆ ಹೊಂಚು ಹಾಕುತ್ತದೆ. ಯಾರಾದರೂ ಹತ್ತಿರ ಬಂದರೆ ಮೈ ಸುತ್ತಿಕೊಂಡು, ಒರಟು ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ, ಕಾದ ಬಾಣಲೆಗೆ ನೀರು ಬಿದ್ದಂತೆ ಸದ್ದು ಮಾಡುತ್ತದೆ.

"ಪಾಪ, ಅದು ಮೊದಲೇ ಹೇಳುತ್ತೆ. ನಾವು ಕೇಳಿಸ್ಕೋಬೇಕು ಅಷ್ಟೆ," ಎನ್ನುತ್ತಿದ್ದ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಕರೆದರೆ ಅವಳು ಓಗೊಡುವುದು ಕಡಿಮೆಯಾದಾಗ, ಕೆಲಸದಲ್ಲಿ ಮುಳುಗಿದ್ದಾಳೆ ಅಂದುಕೊಂಡ. ಕೊನೆಗೆ ಅವಳೇ ಬಾಯಿಬಿಟ್ಟು ಹೇಳಿದಳು: "ಕಿವಿ ಮಂದ ಆಗಿದೆ ರೀ, ಡಾಕ್ಟರ್ ಹತ್ರ ಹೋಗೋಣ."

"ನನ್ನ ಬೈಗುಳ ಕೇಳಿಸದಿದ್ರೆ ನಿನಗೇ ಲಾಭ ಕಣೇ," ಎಂದು ನಕ್ಕುಬಿಟ್ಟ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಒಂದು ಮುಸ್ಸಂಜೆ ಅವಳು ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಳು. ಗಾಳಿಗೆ ಹಾರಿದ ದಿಂಬಿನ ಚೀಲವೊಂದು ಗೋಡೆಯ ಬುಡದಲ್ಲಿ ಬಿದ್ದಿತ್ತು. ಬಾಗಿಲಲ್ಲಿ ನಿಂತಿದ್ದ ಅವನಿಗೆ ಆ ಸದ್ದು ಕೇಳಿಸಿತು.

"ಕೈ ಹಾಕ್ಬೇಡ!" ಎಂದು ಕೂಗಿದ.

ಅವಳಿಗೆ ಹಾವೂ ಕೇಳಿಸಲಿಲ್ಲ, ಗಂಡನೂ ಕೇಳಿಸಲಿಲ್ಲ. ಬಗ್ಗಿ ಚೀಲ ಎತ್ತಿಕೊಂಡಳು. ಹಾವು ಬಲಗೈಗೆ ಕಚ್ಚಿತು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಒಸಡಿನಿಂದ ರಕ್ತ ಜಿನುಗುತ್ತಿತ್ತು. ಅವನ ಸಂಸ್ಥೆಯಲ್ಲೇ ತಯಾರಾದ ಮದ್ದು ಅವಳನ್ನು ಉಳಿಸಿತು, ಆದರೆ ಕೊಳೆತ ಹೆಬ್ಬೆರಳು, ತೋರುಬೆರಳನ್ನು ತೆಗೆಯಬೇಕಾಯಿತು. ಓಡಿ ಬಂದ ಮಗಳು ವರಾಂಡದಲ್ಲಿ ಕೇಳಿದಳು:

"ಅಮ್ಮಂಗೆ ಕಿವಿ ಕೇಳಿಸ್ತಿರ್ಲಿಲ್ಲ ಅಂತ ನಿಮಗೆ ಗೊತ್ತಿತ್ತಾ ಅಪ್ಪಾ?"

"ಗೊತ್ತಿತ್ತು."

ಅವಳು ಮುಂದೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಅವನು ಆಸ್ಪತ್ರೆಯಿಂದ ಮನೆಗೆ ಬಂದಾಗ, ಹಿತ್ತಲ ಗೋಡೆಯ ಸಂದಿಯಲ್ಲಿ ಅಡಗಿದ್ದ ಹಾವನ್ನು ಕೊಲ್ಲಲು ನೆರೆಯವರು ಕೋಲು ಹಿಡಿದು ನಿಂತಿದ್ದರು. ಅವನು ಬಿಡಲಿಲ್ಲ. ಕೊಕ್ಕೆಯಲ್ಲಿ ಎತ್ತಿ ಡಬ್ಬಕ್ಕೆ ಹಾಕಿಕೊಂಡು ಹೋಗಿ, ದೂರದ ಮರಳಲ್ಲಿ ಬಿಟ್ಟು ಬಂದ. ಅದರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಮನಸ್ಸು ಸ್ವಲ್ಪ ಹಗುರಾಗುತ್ತಿತ್ತೇನೋ.

ಹೆಂಡತಿಯ ಕಿವಿಗೆ ಯಂತ್ರ ಬಂತು. ಅವಳು ಹೊಲಿಗೆ ಮಿಷನ್ನಿನಲ್ಲಿ ಎಡಗೈಯಿಂದಲೇ ಬಟ್ಟೆ ಸರಿಸುವುದನ್ನು ಕಲಿತಳು, ಆದರೆ ಕತ್ತರಿ ಹಿಡಿಯಲು ಆಗಲಿಲ್ಲ. ಅವನೇ ರಜೆ ಹಾಕಿ ಕತ್ತರಿಸಿಕೊಡಲು ಕೂತ. ಎಷ್ಟೋ ಹಾವುಗಳ ಕುತ್ತಿಗೆಯನ್ನು ಅಲುಗದೆ ಹಿಡಿದ ಕೈ ಸೀಮೆಸುಣ್ಣದ ಗೆರೆ ಬಿಟ್ಟು ಆಚೆ ಕತ್ತರಿಸಿತು. ರವಿಕೆಯ ತೋಳು ಸೊಟ್ಟಗಾಯಿತು.

"ಇರಲಿ ಬಿಡ್ರಿ, ಒಳಗೆ ಮಡಚಿ ಹೊಲೀತೀನಿ," ಎಂದಳು ಅವಳು, ಬಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತ.