ಒಂಬತ್ತು ಹೋಳಿಗೆ ತಿಂದು ಕೊನೆಯ ಬೆಂಚಿಗೆ ಹೋದದ್ದು

ಇವತ್ತು ಆಸ್ಪತ್ರೆಗೆ ಹೋಗಲು ಆಟೋ ಹತ್ತಿದೊಡನೆ ಬೀಡಿಯ ವಾಸನೆ ಬಡಿಯಿತು. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು; ನನಗೆ ಮಾವಳ್ಳಿಯ ಮುನಿರಾಜು ನೆನಪಾಗಿ ನಗು ಬಂತು. ಯಾಕೆಂದು ಹೇಳುತ್ತೇನೆ, ಕೇಳಿ.

ಇಪ್ಪತ್ತು ವರ್ಷದ ಹಿಂದಿನ ಮಾತು. ಶಂಕರಪುರದ ಹಳೆಯ ಮನೆಯೊಂದರಲ್ಲಿ ಡಾಕ್ಟರ್ ಸರೋಜಮ್ಮನವರ ಕ್ಲಿನಿಕ್ ಇತ್ತು. ಜಗುಲಿಯ ಮೇಲೆ ನಾಲ್ಕು ಬೆಂಚು. ಯಾವತ್ತು ಹೋದರೂ ಮುನಿರಾಜು ಅಲ್ಲಿರುತ್ತಿದ್ದ. ವಿದ್ಯುತ್ ಕಂಬ ಹತ್ತುವ ಲೈನ್‌ಮನ್. ಜೇಬಿನಲ್ಲಿ ಬೀಡಿ ಕಟ್ಟು, ಎದೆಯಲ್ಲಿ ಕೆಮ್ಮು. ನಾನೋ ಹೈಸ್ಕೂಲು ಮೇಷ್ಟ್ರು. ಬೀಡಿ ಇಲ್ಲ, ಎಲೆಯಡಿಕೆಯೂ ಇಲ್ಲ, ಬೆಳಿಗ್ಗೆ ಎದ್ದರೆ ಲಾಲ್‌ಬಾಗಿನಲ್ಲಿ ನಡಿಗೆ. ಅದರ ಜಂಬ ಸ್ವಲ್ಪ ಜಾಸ್ತಿಯೇ ಇತ್ತೆನ್ನಿ.

ಒಮ್ಮೆ ಹೊಟ್ಟೆ ಹಿಡಿದುಕೊಂಡು ಹೋದಾಗ, ನನಗಿಂತ ಮುಂಚೆ ಒಳಗೆ ಹೋದ ಮುನಿರಾಜು ಅರ್ಧ ಗಂಟೆಯಾದರೂ ಹೊರಬರಲಿಲ್ಲ. ನನ್ನ ಸರದಿ ಬಂದಾಗ ಸುಮ್ಮನಿರಲಾಗಲಿಲ್ಲ.

“ಡಾಕ್ಟ್ರೇ, ಬೇಕೂಂತ ಸೇದಿ ಕಾಯಿಲೆ ತಂದ್ಕೊಂಡೋರನ್ನ ಕೊನೇಲಿ ನೋಡ್ಬಾರ್ದಾ?”

“ಆಯ್ತು ಮೇಷ್ಟ್ರೇ, ಇವತ್ತಿಂದಾನೇ ಶುರು ಮಾಡೋಣ. ನಿಮಗೇನಾಗಿದೆ?”

“ಹೊಟ್ಟೆ ನೋವು. ನಿನ್ನೆ ಅಕ್ಕನ ಮಗಳ ಮದುವೆ ಊಟ...”

“ಹೋಳಿಗೆ ಎಷ್ಟು ತಿಂದ್ರಿ?”

“ಏಳು,” ಎಂದೆ. ತಿಂದದ್ದು ಒಂಬತ್ತು.

“ಯಾರಾದ್ರೂ ಬಾಯಿಗೆ ತುರುಕಿದ್ರಾ? ಈ ಮಾತ್ರೆ ನುಂಗಿ, ಕೊನೇ ಬೆಂಚಲ್ಲಿ ಕೂತ್ಕೊಳ್ಳಿ. ಎಲ್ಲರದೂ ಆದ್ಮೇಲೆ ಕರೀತೀನಿ.”

ತಮಾಷೆ ಎಂದುಕೊಂಡೆ. ಅಲ್ಲ. ಹೊರಗೆ ಬಂದರೆ, ಔಷಧಿಗೆ ಕಾಯುತ್ತಿದ್ದ ಮುನಿರಾಜು ಸರಿದು ಜಾಗ ಕೊಟ್ಟ.

“ಎಲ್ಲಾ ಕೇಳಿಸ್ತು ಸಾರ್,” ಎಂದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಮೊದಲು ತೋರಿಸ್ತಿದ್ದ ಡಾಕ್ಟ್ರೂ ನೀವಂದಂಗೇ ಬೈದ್ರು. ನಾಚ್ಕೆ ಆಗಿ ಆರು ತಿಂಗಳು ಎಲ್ಲೂ ಹೋಗ್ಲಿಲ್ಲ. ಕಫದಲ್ಲಿ ರಕ್ತ ಬಂದ್ಮೇಲೆ ಇಲ್ಲಿಗೆ ಬಂದೆ. ಈಯಮ್ಮ ಬೈಯಲ್ಲ, ಎಷ್ಟು ಸೇದ್ದೆ ಅಂತ ಕೇಳ್ತಾರೆ. ನಿಜ ಹೇಳ್ತೀನಿ. ದಿನಕ್ಕೆ ಮೂವತ್ತು ಇದ್ದಿದ್ದು ಈಗ ನಾಲ್ಕು.”

“ನಂದು ಏಳಲ್ಲಪ್ಪ, ಒಂಬತ್ತು,” ಎಂದೆ.

ಅವನು ನಕ್ಕ ರಭಸಕ್ಕೆ ಕೆಮ್ಮು ಬಂತು. ನಾನು ಬೆನ್ನು ಸವರಿದೆ. ಆಮೇಲೆ ಇಬ್ಬರೂ ನಕ್ಕೆವು. ಮರುವರ್ಷ ಅವನು ಆ ನಾಲ್ಕನ್ನೂ ಬಿಟ್ಟ. ನಾನು ಹೋಳಿಗೆ ಬಿಟ್ಟೆನೆಂದು ಹೇಳಲಾರೆ.

ಆಟೋ ನಿಂತಿತು. ಕುಡಿದು ಕುಡಿದು ಲಿವರ್ ಕೆಡಿಸಿಕೊಂಡ ಭಾಮೈದನನ್ನು ನೋಡಲು ಬಂದಿದ್ದೆ. ಅವನಿಗೆ ಹೇಳಲು ಮನೆಯಿಂದಲೇ ಒಂದು ದೊಡ್ಡ ಭಾಷಣ ತಯಾರು ಮಾಡಿಕೊಂಡಿದ್ದೆ. ನನ್ನನ್ನು ಕಂಡೊಡನೆ ಅವನು ಗೋಡೆಯ ಕಡೆ ಹೊರಳಿದ.

ಸ್ಟೂಲು ಎಳೆದುಕೊಂಡು ಕೂತೆ. “ತಿಂಡಿ ಏನು ಕೊಟ್ರೋ?” ಎಂದೆ.

ಮೆಲ್ಲಗೆ ಈ ಕಡೆ ತಿರುಗಿದ. “ಉಪ್ಪಿಲ್ಲದ ಇಡ್ಲಿ, ಭಾವ,” ಎಂದ.