ಒತ್ತಕ್ಷರಕ್ಕೆ ಜಾಗ

ಗಂಟಲಲ್ಲಿ ಗಂಟಾಗಿದೆ ಎಂದು ಡಾಕ್ಟರು ಹೇಳಿದಾಗ ನಾನು ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಸಣ್ಣ ಆಪರೇಷನ್ ಆಯಿತು. ಆಮೇಲೆ ಕೆಲವು ವಾರ ಮಾತು ಪೂರ್ತಿ ಬಂದ್, ಪಿಸುಗುಟ್ಟುವುದೂ ಕೂಡದು ಎಂದರು. ರಜೆ ಹಾಕಿ ಮನೆಯಲ್ಲಿ ಕೂತೆ. ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಜಗಳಕ್ಕಂತೂ ಸ್ಲೇಟು ಏನೇನೂ ಸಾಲದು. ನಾನು ಬರೆದು ಮುಗಿಸುವಷ್ಟರಲ್ಲಿ ನಮ್ಮ ಯಜಮಾನರು ಬೀದಿ ದಾಟಿರುತ್ತಿದ್ದರು.

ಆ ದಿನಗಳಲ್ಲಿ ಭದ್ರಾವತಿಯಿಂದ ನನ್ನ ನಾದಿನಿ ಭಾನುವಾರಗಳಂದು ಬರತೊಡಗಿದಳು. ಅಲ್ಲಿನ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆ ಜೋಡಿಸುವುದು ಅವಳ ಕೆಲಸ. ನಾನು ಆ ಮನೆಯ ಸೊಸೆಯಾದಾಗಿನಿಂದ ಅವಳು ನನ್ನ ಹತ್ತಿರ ಹೂಂ, ಉಹೂಂ ಬಿಟ್ಟು ಹೆಚ್ಚು ಮಾತಾಡಿದವಳಲ್ಲ. ಆದರೂ ಬಂದಳು. ಮೊದಲ ಭಾನುವಾರ ಅಡುಗೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನ ಪಕ್ಕ ಕೂತಳು.

"ಅತ್ತಿಗೆ, ನಿಮಗೊಂದು ಬ್ಲಾಗ್ ಮಾಡ್ಕೊಡ್ತೀನಿ. ಪುಕ್ಕಟೆ ಸಿಗುತ್ತೆ. ಬಾಯಲ್ಲಿ ಹೇಳಕ್ಕಾಗ್ದಿದ್ದನ್ನ ಅಲ್ಲಿ ಬರೀರಿ."

ಆಗ ನಮ್ಮನೆಗೆ ಇಂಟರ್ನೆಟ್ ಬರುತ್ತಿದ್ದುದು ಟೆಲಿಫೋನ್ ತಂತಿಯಲ್ಲೇ. ಅದು ಹತ್ತಿದಷ್ಟು ಹೊತ್ತು ಫೋನ್ ಇಲ್ಲ. ಮಾತೇ ಇಲ್ಲದವಳಿಗೆ ಫೋನು ಯಾಕೆ ಎಂದುಕೊಂಡೆ.

ಬ್ಲಾಗು ಶುರುವಾಗಿದ್ದು ಬೇಗ. ಅದರ ಥೀಮ್, ಅಂದರೆ ಪುಟದ ಅಂದಚಂದ, ಆರಿಸಲು ಮಧ್ಯಾಹ್ನವೆಲ್ಲ ಹೋಯಿತು. ಒಂದರಲ್ಲಿ ಮೇಲಿನಿಂದ ಕೆಳಗೆ ಬರೀ ಚುಕ್ಕಿ. ಇನ್ನೊಂದರಲ್ಲಿ ಕಪ್ಪು ಪುಟ, ಮೂಲೆಯಲ್ಲಿ ದೀಪಸ್ತಂಭ. ಅವಳಿಗೆ ಕುಂಕುಮದ ಬಣ್ಣದ, ಸುತ್ತ ಹೂಬಳ್ಳಿ ಇದ್ದದ್ದು ಹಿಡಿಸಿತು.

"ಇದು ಲಕ್ಷಣವಾಗಿದೆ ನೋಡಿ."

ನಾನು ಸ್ಲೇಟಿನಲ್ಲಿ ಬರೆದೆ: ಯಾರ ಮದುವೆ?

ಅವಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕೊನೆಗೆ ಮೇಲೊಂದು ಹಸಿರು ಪಟ್ಟಿ ಮಾತ್ರ ಇದ್ದ ಬಿಳಿ ಪುಟ ಇಬ್ಬರಿಗೂ ಒಪ್ಪಿಗೆಯಾಯಿತು.

ಆದರೆ ನಾನು ನಾಲ್ಕು ಸಾಲು ಬರೆದು ನೋಡಿದರೆ ಕಣ್ಣಿಗೆ ಹಿಂಸೆ. ಆ ಥೀಮ್ ಮಾಡಿದವರು ಇಂಗ್ಲಿಷಿನ ಲೆಕ್ಕದಲ್ಲಿ ಸಾಲಿಗೆ ಸಾಲು ಒತ್ತಿ ಇಟ್ಟಿದ್ದರು. 'ಶಾಸ್ತ್ರ'ದ ಒತ್ತುಗಳು ಇಳಿದು ಕೆಳಗಿನ ಸಾಲಿನ ಅಕ್ಷರಗಳ ಗುಡಿಸಿಗೆ ಡಿಕ್ಕಿ ಹೊಡೆಯುತ್ತಿದ್ದವು. ಬೆರಳಿಟ್ಟು ತೋರಿಸಿದೆ. ಅವಳು ಥೀಮಿನ ಒಳಗಿನ ಕೋಡ್ ತೆರೆದಳು. ಪರದೆ ತುಂಬ ಇಂಗ್ಲಿಷ್ ಪದ, ಬಾಣದಂಥ ಗುರುತು. ಇದಕ್ಕೆ ಕೈ ಹಾಕುವುದು ಅವಳಿಗೂ ಹೊಸದು. ಸಾಲಿನ ಅಂತರ ಎಲ್ಲಿದೆಯೆಂದು ಇಬ್ಬರೂ ಹುಡುಕಿದೆವು, ಸಿಕ್ಕಿದ ಅಂಕಿ ಹೆಚ್ಚಿಸಿದೆವು, ಪುಟ ತೆರೆದು ನೋಡಿದೆವು, ಮತ್ತೆ ಹೆಚ್ಚಿಸಿದೆವು. ಆ ಗಡಿಬಿಡಿಯಲ್ಲಿ ಯಾವುದೋ ಗುರುತು ಅಳಿಸಿಹೋಗಿ ಹಸಿರು ಪಟ್ಟಿ ಮಾಯವಾಯಿತು. ಪಕ್ಕದಲ್ಲಿದ್ದ ಕಾಲಂ ಜಾರಿ ಪುಟದ ಬುಡಕ್ಕೆ ಬಿತ್ತು.

"ಅಯ್ಯೋ, ಎಲ್ಲಾ ಹೋಯ್ತಲ್ಲೇ ಮಾರಾಯ್ತಿ!"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ನನ್ನನ್ನು ಎಂದೂ ಹಾಗೆ ಕರೆದವಳಲ್ಲ. ನನಗೆ ತಡೆಯಲಾರದ ನಗು; ಸದ್ದು ಮಾಡುವಂತಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅಲುಗಾಡುತ್ತಾ ಕೂತೆ. ಅವಳೂ ನಕ್ಕು ಹೇಳಿದಳು, "ನೀವು ಕನ್ನಡ ಟೀಚರು. ನಾನೇನಾದ್ರೂ ತಪ್ಪು ಮಾತಾಡಿದ್ರೆ ಅಂತ ಬಾಯೇ ಬಿಡ್ತಿರ್ಲಿಲ್ಲ ಅತ್ತಿಗೆ. ನಿಮ್ಮ ಬಾಯಿ ಕಟ್ಟಿದ್ಮೇಲೇ ನಂಗೆ ಧೈರ್ಯ ಬಂದಿದ್ದು."

ನಾನು ಸ್ಲೇಟು ತಗೊಂಡೆ. ಮತ್ತೆ ಅದನ್ನು ಬದಿಗಿಟ್ಟೆ. ಅವಳ ಕೈ ಹಿಡಿದುಕೊಂಡೆ.

ಮುಂದಿನ ಭಾನುವಾರ ಅವಳು ಪ್ರೆಸ್ಸಿನಲ್ಲಿ ಯಾರನ್ನೋ ಕೇಳಿಕೊಂಡು ಬಂದು ಪುಟವನ್ನು ಸರಿ ಮಾಡಿದಳು. ಈಗ ಒತ್ತಕ್ಷರಗಳು ಆರಾಮವಾಗಿ ಕಾಲು ಚಾಚಿದ್ದವು. ತರಗತಿಯಲ್ಲಿ ಹೇಳುತ್ತಿದ್ದ ಪದಗಳ ಕಥೆಗಳನ್ನು ಒಂದೊಂದಾಗಿ ಬರೆದೆ. ಹೊಳೆಹೊನ್ನೂರಿನ ಓದುಗರೊಬ್ಬರು ಮೊದಲ ಕಮೆಂಟ್ ಹಾಕಿದರು: "ಪುಟ ತುಂಬಾ ಚೆನ್ನಾಗಿದೆ. ಓದಲು ಕಣ್ಣಿಗೆ ಹಿತ." ಬರಹದ ಬಗ್ಗೆ ಒಂದಕ್ಷರವಿಲ್ಲ! ನಾದಿನಿ ಅದನ್ನು ಜೋರಾಗಿ ತನ್ನ ಅಣ್ಣನಿಗೆ ಓದಿ ಹೇಳಿದಳು. ನನಗೂ ಹೆಮ್ಮೆಯೇ ಆಯಿತು.

ದನಿ ಮರಳಿತು, ಸ್ವಲ್ಪ ದಪ್ಪಗಾಗಿ. ಶಾಲೆಗೂ ಹೋದೆ. ಅವಳು ಮಾತ್ರ ಭಾನುವಾರ ಬರುವುದನ್ನು ಬಿಡಲಿಲ್ಲ. ಎಷ್ಟೋ ಸಲ ಕಂಪ್ಯೂಟರ್ ಹಚ್ಚುತ್ತಲೇ ಇರಲಿಲ್ಲ. ಅವರೆಕಾಳು ಸುಲಿಯುತ್ತಾ ಕೂತರೆ ಅವಳ ಕೊನೆಯ ಬಸ್ಸಿನವರೆಗೂ ಮಾತು. ಆ ಗಂಟಲ ಗಂಟಿಗೆ ನಾನು ಋಣಿ.