ಹಣೆಗೆ ಅಂಗೈ ಒಡ್ಡುವ ಪಟ್ಟಿಯಕ್ಕ

"ಇವತ್ತು ಯಾರಪ್ಪ ಸುಳ್ಳು ಹೇಳೋರು?"

ಪಟ್ಟಿಯಕ್ಕ ಕೇಳುವುದು ಯಾರನ್ನೂ ಅಲ್ಲ. ಆಟಗಾರರು ಬಟ್ಟೆ ಬದಲಿಸುವ ಆ ಉದ್ದನೆಯ ಕೋಣೆಯಲ್ಲಿ ಅವರನ್ನು ಬಿಟ್ಟರೆ ನರಪಿಳ್ಳೆಯೂ ಇಲ್ಲ. ಎತ್ತರದ ಕಿಟಕಿಯಲ್ಲಿ ಬೆಳಕು ಈಗಷ್ಟೇ ಕಣ್ಣು ಬಿಡುತ್ತಿದೆ. ನೋವಿನೆಣ್ಣೆಯ ಘಾಟು ಗೋಡೆಗಳಿಗೇ ಹತ್ತಿಕೊಂಡಂತಿದೆ. ಬಕೆಟ್ಟಿನ ಬಿಸಿನೀರಿನಲ್ಲಿ ಎರಡೂ ಕೈ ಅದ್ದಿಕೊಂಡು ಅವರು ಕೂತಿದ್ದಾರೆ. ಚಳಿಗೆ ಸೆಟೆದುಕೊಳ್ಳುವ ಹೆಬ್ಬೆರಳುಗಳು ಮೆತ್ತಗಾಗುವವರೆಗೆ ಕೆಲಸ ಶುರುವಾಗುವಂತಿಲ್ಲ. ಪಕ್ಕದ ಮೇಜಿನ ಮೇಲೆ ಪಟ್ಟಿಯ ಸುರುಳಿಗಳು ಸಾಲಾಗಿ ನಿಂತಿವೆ. ತೊಡೆಗೆ ಅಗಲದವು, ಬೆರಳಿಗೆ ಸಣ್ಣವು, ಕಿವಿಗೆ ಕಪ್ಪನೆಯವು.

ದೇಶದ ರಗ್ಬಿ ತಂಡದ ಫಾರ್ವರ್ಡ್ ಪಡೆಗೆ, ಅಂದರೆ ಮುಂದೆ ನಿಂತು ಮೈಯೊಡ್ಡುವ ಎಂಟು ಮಂದಿಗೆ, ಪಂದ್ಯದ ಬೆಳಗ್ಗೆ ಪಟ್ಟಿ ಕಟ್ಟುವುದು ಇವರ ಕೆಲಸ. ಐವತ್ತಾರು ದಾಟಿದ ಹೆಂಗಸು. ಟಿವಿಯಲ್ಲಿ ಆಟ ನೋಡುವವರೆಲ್ಲ ಆ ಪಟ್ಟಿಗಳನ್ನು ನೋಡಿರುತ್ತಾರೆ, ಕಟ್ಟಿದವರನ್ನು ನೋಡಿದವರು ಇಲ್ಲವೆಂದೇ ಹೇಳಬೇಕು. ಮೈದಾನದ ಕಾವಲುಗಾರನಿಂದ ಹಿಡಿದು ತಂಡದ ನಾಯಕನವರೆಗೆ ಎಲ್ಲರ ಬಾಯಲ್ಲೂ ಅವರು ಪಟ್ಟಿಯಕ್ಕ.

ಇವತ್ತಿನ ಪಂದ್ಯ ಸಾಮಾನ್ಯದ್ದಲ್ಲ. ಬಿಸಿಲೇರುವ ಮೊದಲೇ, ಹತ್ತು ಗಂಟೆಗೆ, ಬೂದು ಅಂಗಿಯವರ ಎದುರು ಆಟ. ಗೆದ್ದರೆ ಮುಂದಿನ ವರ್ಷವೂ ದೊಡ್ಡ ತಂಡಗಳ ಸಾಲಿನಲ್ಲಿ ಜಾಗ, ಸೋತರೆ ಕೆಳಗಿನ ಸಾಲಿಗೆ ಇಳಿತ. ವಾರವಿಡೀ ಪತ್ರಿಕೆಗಳು ಎರಡೂ ಪಡೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿವೆ. ಅವರ ಎಂಟು ಮಂದಿಯ ತೂಕ ನಮ್ಮ ಒಂಬತ್ತು ಮಂದಿಗೆ ಸಮ ಎಂದು ಬರೆದವರೂ ಉಂಟು.

ತೂಕದ ಮಾತು ಯಾಕೆ ಬಂತೆಂದರೆ, ಸ್ಕ್ರಮ್ ಎಂಬುದು ಅಂಥ ಜಿದ್ದಿನ ಜಾಗ. ಎರಡೂ ಕಡೆಯ ಎಂಟೆಂಟು ಮಂದಿ ಹೆಗಲಿಗೆ ಹೆಗಲು ಬಿಗಿದು, ಬೆನ್ನು ಬಗ್ಗಿಸಿ, ಎರಡು ಬಾಚಣಿಗೆಗಳ ಹಲ್ಲು ಸೇರಿಸಿದಂತೆ ತಲೆಗಳನ್ನು ಒಂದರ ಪಕ್ಕಕ್ಕೊಂದು ತೂರಿಸಿ ತಳ್ಳುತ್ತಾರೆ. ಚೆಂಡು ಆ ಕಾಲುಗಳ ಕಾಡಿನೊಳಗೆ ಉರುಳುತ್ತದೆ. ಮುಂದಿನ ಸಾಲಿನ ಬಲತುದಿಯಲ್ಲಿ ನಿಲ್ಲುವವನ ಪಾಡು ಎಲ್ಲರಿಗಿಂತ ಕಷ್ಟ. ಅವನ ತಲೆ ಎದುರಾಳಿಗಳ ಎರಡು ತಲೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಹಿಂದಿನಿಂದ ತನ್ನವರ ಭಾರ, ಮುಂದಿನಿಂದ ಪರರ ಭಾರ, ಎರಡೂ ಅವನ ಕತ್ತಿನ ಮೂಲಕವೇ ಹಾಯಬೇಕು. ನಮ್ಮ ತಂಡದಲ್ಲಿ ಆ ಜಾಗಕ್ಕೆ ನಿಲ್ಲುವವನನ್ನು ಜೊತೆಯವರು ಗೂಟ ಎಂದು ಕರೆಯುತ್ತಾರೆ. ನೆಟ್ಟಲ್ಲಿಂದ ಅಲುಗದವನು ಎಂಬ ಅಭಿಮಾನಕ್ಕೆ.

ಪಟ್ಟಿಯಕ್ಕನಿಗೆ ಪಡೆಗಳನ್ನು ಅಳೆಯುವ ಅವರದೇ ದಾರಿಯಿದೆ. "ನಾನು ಆಟ ನೋಡಿದ್ದು ಕಡಿಮೆ. ಆಟ ಮುಗಿದ ಮೇಲೆ ಇವರ ಮೈ ನೋಡ್ತೀನಿ," ಎನ್ನುತ್ತ ಕೈ ಒರೆಸಿಕೊಳ್ಳುತ್ತಾರೆ. "ಹಳದಿ ಅಂಗಿಯವರ ಎದುರು ಆಡಿ ಬಂದ್ರೆ ಎರಡೂ ಭುಜ ಒಂದೇ ಸಮ ಕೆಂಪಗಿರುತ್ತೆ. ಅವರು ನೆಟ್ಟಗೆ ತಳ್ಳೋ ಜನ, ಕಳ್ಳತನ ಇಲ್ಲ. ನೀಲಿಯವರು ಭಾರ ಕಡಿಮೆ, ಆದ್ರೆ ಎಂಟೂ ಜನ ಒಂದೇ ಉಸಿರಿಗೆ ಬಂದು ಬೀಳ್ತಾರೆ. ಅವತ್ತು ನಮ್ಮೋರಿಗೆ ಮೀನಖಂಡ ಹಿಡ್ಕೊಂಡಿರುತ್ತೆ, ಹಿಂದಕ್ಕೆ ಹೋಗದ ಹಾಗೆ ಕಾಲೂರಿ ಊರಿ. ಈ ಬೂದು ಅಂಗಿಯವರು ಇದಾರಲ್ಲ, ಓರೆಯಾಗಿ ನುಗ್ತಾರೆ. ಗೂಟನ ಕತ್ತಿನ ಬಲಮಗ್ಗುಲಲ್ಲೇ ಗುರುತು. ಎಡಕ್ಕೆ ಒಂದು ಗೀರೂ ಇರಲ್ಲ."

ಹಾಗೆಂದು ಅವರ ಲೆಕ್ಕ ಯಾವಾಗಲೂ ಸರಿಯಾಗುತ್ತದೆಂದೇನಿಲ್ಲ. ಹಿಂದೊಮ್ಮೆ ನೀಲಿಯವರು ಬಸ್ಸಿಳಿಯುವುದನ್ನು ನೋಡಿ, "ಇವರೆಲ್ಲ ಪೀಚಲು, ನಮ್ಮೋರು ನುಂಗಿ ನೀರು ಕುಡೀತಾರೆ" ಎಂದುಬಿಟ್ಟಿದ್ದರು. ಅವತ್ತು ನಮ್ಮವರು ಆಟವಿಡೀ ಹಿಮ್ಮುಖವಾಗಿಯೇ ನಡೆದರು. ಫಾರ್ವರ್ಡ್ ಪಡೆಯ ತರಬೇತುದಾರ, ಎಲ್ಲರ ಬಾಯಲ್ಲಿ ಮೇಷ್ಟ್ರು, ಅದನ್ನು ಇಂದಿಗೂ ಬಿಟ್ಟಿಲ್ಲ. "ಅಕ್ಕನ ಮಾತು ನಂಬಿ ಕಾವಲುಗಾರ ತನ್ನ ಮೀಸೆ ಪಣಕ್ಕಿಟ್ಟಿದ್ದ. ಪಾಪ, ಮೂರು ತಿಂಗಳು ಮುಖ ಮುಚ್ಕೊಂಡು ಗೇಟು ಕಾದ," ಎಂದು ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ ಹೇಳುತ್ತಾರೆ: "ತೂಕ ಒಂದೇ ಸಲಕ್ಕೆ ಬಂದ್ರೆ ತೂಕ. ಒಬ್ಬೊಬ್ಬರಾಗಿ ಬಂದ್ರೆ ಬರೀ ಎಂಟು ಜನ. ಬೂದು ಅಂಗಿಯವರು ಭಾರ ಹೌದು, ಆದ್ರೆ ಮೊದಲ ಹೊಡೆತ ಆದ್ಮೇಲೆ ಚೆದುರ್ತಾರೆ. ಆ ಒಂದು ಹೊಡೆತ ಗೂಟ ತಡೆದು ನಿಂತ್ರೆ ಸಾಕು, ಮಿಕ್ಕಿದ್ದು ನಮ್ಮದು." ಅವರ ಇಡೀ ವಾರದ ಲೆಕ್ಕಾಚಾರ ಆ ಒಂದು ಕತ್ತಿನ ಮೇಲೆ ನಿಂತಿದೆ.

ಕತ್ತಿನ ಸಹವಾಸ ಪಟ್ಟಿಯಕ್ಕನಿಗೆ ಹಳೆಯದು. ಮದುವೆಗೂ ಮೊದಲಿನಿಂದ ಅವರು ದೊಡ್ಡ ಆಸ್ಪತ್ರೆಯೊಂದರ ಪ್ಲಾಸ್ಟರ್ ಕೋಣೆಯಲ್ಲಿ ಆಯಾ ಆಗಿದ್ದರು. ಡಾಕ್ಟರು ಕೆಲಸ ಮಾಡುವಷ್ಟು ಹೊತ್ತೂ ರೋಗಿಯ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ನಿಲ್ಲುವುದು ಅವರ ಪಾಲಿನ ಕೆಲಸ. "ಲಾರಿಯಿಂದ ಬಿದ್ದೋರು, ಬಾವಿಗೆ ಜಾರಿದೋರು, ಎಲ್ಲರ ತಲೆಯೂ ಈ ಕೈಲೇ. ಅಲುಗಬಾರದು, ಅಷ್ಟೇ. ಮೂಗಿನ ಮೇಲೆ ನೊಣ ಕೂತ್ರೂ ಓಡಿಸೋ ಹಾಗಿಲ್ಲ." ಆಸ್ಪತ್ರೆಯ ಡಾಕ್ಟರೊಬ್ಬರು ರಗ್ಬಿ ತಂಡಕ್ಕೆ ಬಂದಾಗ, ಆ ಕೈಗಳನ್ನೂ ಜೊತೆಗೆ ಕರೆತಂದರು.

ಬಂದ ಹೊಸತರಲ್ಲಿ ಹೆಂಗಸಿಗೆ ಈ ಕೋಣೆಯೊಳಗೆ ಪ್ರವೇಶವಿರಲಿಲ್ಲ. ಹೊರಗೆ, ನೀರು ಕಾಯಿಸುವ ಒಲೆಯ ಪಕ್ಕದ ಓಣಿಯಲ್ಲಿ, ಗಾಳಿಗೆ ಬೆನ್ನು ಕೊಟ್ಟು ಪಟ್ಟಿ ಕಟ್ಟುತ್ತಿದ್ದರು. ಆಟಗಾರರು ಟವೆಲ್ಲು ಸುತ್ತಿಕೊಂಡು ಒಬ್ಬೊಬ್ಬರಾಗಿ ಬಂದು, ನಾಚಿ ನೀರಾಗಿ, ಕಾಲು ಚಾಚುತ್ತಿದ್ದರು. ಹೆಬ್ಬೆರಳಿನ ಗಂಟುಗಳು ಆ ಚಳಿಗಾಲಗಳ ಬಳುವಳಿ. ಒಳಗೆ ಕರೆದವನು ಈಗಿನ ನಾಯಕ, ಕೊಕ್ಕೆ ಎಂಬ ಅಡ್ಡಹೆಸರಿನವನು. ಮುಂದಿನ ಸಾಲಿನ ನಡುವೆ ನಿಂತು ಕಾಲಿನಿಂದ ಚೆಂಡನ್ನು ಹಿಂದಕ್ಕೆಳೆಯುವ ಆಟಗಾರ. "ಅಕ್ಕ ಒಳಗೆ ಬರಲಿ, ನಾಚಿಕೆ ಇದ್ದೋರು ಹೊರಗೆ ಹೋಗಲಿ," ಎಂದನಂತೆ. ಯಾರೂ ಹೊರಗೆ ಹೋಗಲಿಲ್ಲ.

ಮನೆಯಲ್ಲಿ ಬಸ್ ಡಿಪೋದ ಮೆಕ್ಯಾನಿಕ್ ಗಂಡ, ಬೇಕರಿ ಕೆಲಸದ ಮಗಳು. ಗಂಡನಿಗೆ ಹೆಂಡತಿಯ ಕೆಲಸವೆಂದರೆ ಹೆಮ್ಮೆ, ಆದರೆ ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ. "ಮನೆಗೆ ಬಂದ್ರೂ ನನ್ನ ಕತ್ತು ಮುಟ್ಟಿ ನೋಡ್ತಾಳೆ. ಹುಷಾರಿದೀನಾ ಅಂತಲೋ, ಎಲ್ಲಿ ಹಿಸುಕಬೇಕು ಅಂತಲೋ, ಇನ್ನೂ ಗೊತ್ತಾಗಿಲ್ಲ," ಎಂದಷ್ಟೇ ಹೇಳುತ್ತಾರೆ.

ಪಟ್ಟಿಯಕ್ಕನದು ಒಂದೇ ಕಟ್ಟುಪಾಡು. ಹಣೆ ಕೊಡದವನಿಗೆ ಪಟ್ಟಿಯಿಲ್ಲ. ಆಟಗಾರ ಎದುರಿನ ಸ್ಟೂಲಿನ ಮೇಲೆ ಕೂರಬೇಕು. ಅವನ ಹಣೆಗೆ ಅವರ ಅಂಗೈ. "ತಳ್ಳು," ಎಂದರೆ ತಳ್ಳಬೇಕು, ಒಂದು ಉಸಿರು ಹೋಗಿ ಬರುವಷ್ಟು ಹೊತ್ತು. ಆಮೇಲೆ ಎಡಗೆನ್ನೆ, ಬಲಗೆನ್ನೆ, ತಲೆಯ ಹಿಂಭಾಗ. ಪದ್ಯ ಓದುವವರ ಉಸಿರು ನಡುವೆ ಎಲ್ಲಿ ಮುಗ್ಗರಿಸಿತೆಂದು ಕಣ್ಮುಚ್ಚಿ ಕೇಳುವವರ ಹಾಗೆ ಅವರು ಆಗ ಕಣ್ಣು ಮುಚ್ಚಿರುತ್ತಾರೆ. ತಂಡದ ಡಾಕ್ಟರಮ್ಮ ಹಿಂದಿನ ದಿನವೇ ಎಲ್ಲರನ್ನೂ ಪರೀಕ್ಷಿಸಿರುತ್ತಾರೆ. "ಆದರೂ ನನ್ನ ಮುಂದೆ ಹುಡುಗರು ಹಲ್ಲು ಕಚ್ಚಿ ನಗ್ತಾರೆ," ಎನ್ನುತ್ತಾರೆ ಡಾಕ್ಟರಮ್ಮ. "ರಾತ್ರಿ ಕಳೆದ ಮೇಲೆ ಮೈ ಬೇರೆ ಇರುತ್ತೆ. ಅಕ್ಕ ಕರೆದ್ರೆ ನಾನು ಓಡಿ ಬರ್ತೀನಿ. ಎಷ್ಟೋ ಸಲ ಏನೂ ಇರಲ್ಲ, ಬರೀ ದಿಂಬಿನ ತಪ್ಪು. ಇರಲಿ."

ಬೆಳಕು ಬೆಂಚಿನವರೆಗೆ ಇಳಿದಾಗ ಪಡೆ ಬರತೊಡಗುತ್ತದೆ. ಮೊದಲು ಕೊಕ್ಕೆ. ಅಂಗೈ ಹಣೆಗೆ ತಾಗಿದ್ದೇ, "ಅಕ್ಕಾ, ಏನು ಕೈ ಇದು! ಬಿಸಿನೀರಲ್ಲಿಟ್ಟರೂ ಮಂಜುಗಡ್ಡೆ. ಬೂದು ಅಂಗಿಯವರ ಕತ್ತಿಗೆ ಒಂದು ಸಲ ಇಟ್ಟು ಬಾ, ಅಲ್ಲೇ ಗೆದ್ವಿ."

"ನಿನ್ನ ಬಾಯಿಗೂ ಒಂದು ಸುತ್ತು ಕಟ್ತೀನಿ ಇರು. ರೆಫರಿ ಬಂದು ನನಗೆ ಕೈ ಮುಗೀತಾನೆ."

ಅವನ ಹಿಂದೆ ಜೋಡಿ ಕಂಬಗಳೆಂದು ಕರೆಸಿಕೊಳ್ಳುವ ಎತ್ತರದ ಇಬ್ಬರು, ಆಮೇಲೆ ಉಳಿದವರು. ಗೂಟನ ಜಾಗಕ್ಕೆ ಬದಲಿಯಾಗಿ ಬೆಂಚಿನಲ್ಲಿ ಕಾಯುವ, ಎಲ್ಲರ ಬಾಯಲ್ಲಿ ದೊಡ್ಡಪ್ಪನಾದವನೂ ಬರುತ್ತಾನೆ. ಮೂವತ್ತೆಂಟರ, ವಾರವಿಡೀ ಹಾಲಿನ ವ್ಯಾನು ಓಡಿಸುವ ಮನುಷ್ಯ. ಓಟಕ್ಕೆ ಅವನ ಕಾಲು ಈಗ ಒಗ್ಗುವುದಿಲ್ಲ. "ಬೆಂಚು ಬೆಚ್ಚಗೆ ಮಾಡೋಕೂ ಕತ್ತು ಬೇಕಾ ಅಕ್ಕ?" ಎನ್ನುತ್ತಾನೆ. "ಕೂತ್ಕೊಳಪ್ಪ, ನಿನ್ನ ನಂಬೋಕಾಗಲ್ಲ, ನಿದ್ದೆ ಹೊಡೆದು ಕತ್ತು ಉಳುಕಿಸ್ಕೋತೀಯ," ಎನ್ನುತ್ತ ಅವನ ಹಣೆಯನ್ನೂ ಬಿಡುವುದಿಲ್ಲ.

ಗೂಟನ ಸುಳಿವಿಲ್ಲ. ಪ್ರತಿ ಸಲ ಎಲ್ಲರಿಗಿಂತ ಮೊದಲು ಬಂದು ಬೆಂಚಿನ ಮೇಲೆ ಗೊರಕೆ ಹೊಡೆಯುವವನು. ಓಣಿಯಲ್ಲಿ ಬೂಟಿನ ಮೊಳೆಗಳ ಟಕಟಕ ದೂರವಾಗುತ್ತದೆ. ಕೊನೆಗೆ ಅವನು ಬರುವ ಹೊತ್ತಿಗೆ ಒಳಗೆ ಉಳಿದವರು ಲೇಸು ಕಟ್ಟುತ್ತಿದ್ದ ಕೊಕ್ಕೆ ಮತ್ತು ಪಟ್ಟಿಯಕ್ಕ ಇಬ್ಬರೇ. ಗೂಟ ನೀರಿನ ಬಾಟಲಿ ಎತ್ತಿಕೊಳ್ಳುತ್ತಾನೆ, ಎಡಗೈಯಲ್ಲಿ. ಪಟ್ಟಿಯಕ್ಕ ಅದನ್ನು ನೋಡುತ್ತಾರೆ.

"ಹಣೆ ಕೊಡು."

ಹಣೆ ಗಟ್ಟಿ. ಎಡಗೆನ್ನೆಯೂ ಗಟ್ಟಿ. ಬಲಗೆನ್ನೆಗೆ ಅಂಗೈಯಿಟ್ಟು "ತಳ್ಳು" ಎಂದಾಗ ಮೊದಲು ಬಲ ಬರುತ್ತದೆ, ಅರ್ಧ ಉಸಿರಿಗೆ ಕೈಬಿಡುತ್ತದೆ.

"ಇನ್ನೊಂದು ಸಲ."

ಮತ್ತೆ ಹಾಗೆಯೇ. ಗೂಟನ ಮೇಲ್ತುಟಿಯಲ್ಲಿ ಬೆವರು.

"ನಿದ್ದೆ ಸರಿಯಾಗಿಲ್ಲ ಅಕ್ಕ. ಹೋಟೆಲ್ ದಿಂಬು."

"ಹೂಂ. ಈ ಕತ್ತರಿ ಹಿಡಿ. ಬಲಗೈಲಿ."

ಅವನು ಹಿಡಿಯುತ್ತಾನೆ. ಹೆಬ್ಬೆರಳು ತೂತಿನೊಳಗೆ ಹೋಗುತ್ತದೆ, ಆದರೆ ಅದು ಹೋಯಿತೆಂದು ಅವನಿಗೆ ನೋಡಿಯೇ ಗೊತ್ತಾಗಬೇಕು. ಕತ್ತರಿ ನೆಲಕ್ಕೆ ಬಿದ್ದ ಸದ್ದಿಗೆ ಕೊಕ್ಕೆ ತಲೆಯೆತ್ತುತ್ತಾನೆ.

"ಯಾವತ್ತಿಂದ?" ಪಟ್ಟಿಯಕ್ಕನ ದನಿ ಏರುವುದಿಲ್ಲ.

"ಮಂಗಳವಾರ. ಅಭ್ಯಾಸಕ್ಕೆ ಸ್ಕ್ರಮ್ ಯಂತ್ರ ತಳ್ಳುವಾಗ ಕತ್ತಲ್ಲಿ ಚುಳ್ ಅಂತು. ಭುಜದಿಂದ ಬೆರಳವರೆಗೂ ಜುಮ್ಮು. ಹೋಗುತ್ತೆ, ಬರುತ್ತೆ."

"ಡಾಕ್ಟರಮ್ಮನಿಗೆ?"

"ಹೇಳಿಲ್ಲ." ಗೂಟ ಸ್ಟೂಲು ಹತ್ತಿರ ಎಳೆದುಕೊಳ್ಳುತ್ತಾನೆ. "ಅಕ್ಕ, ಎರಡು ವರ್ಷ ಮಂಡಿ ಹಿಡ್ಕೊಂಡು ಮನೇಲಿ ಕೂತಿದ್ದು ನಿನಗೆ ಗೊತ್ತು. ಮುಂದಿನ ವರ್ಷ ನನ್ನ ಯಾರು ಕರೀತಾರೆ? ಇದೊಂದು ಆಟ. ಬಿಗಿಯಾಗಿ ಕಟ್ಟಿಬಿಡು, ನಿಂತ್ಕೋತೀನಿ."

ಕೊಕ್ಕೆ ಎದ್ದು ಬರುತ್ತಾನೆ. ಅವನ ಮುಖದಲ್ಲಿ ಈಗ ತಮಾಷೆಯ ಕುರುಹಿಲ್ಲ. "ಅಕ್ಕ, ದೊಡ್ಡಪ್ಪ ಒಳ್ಳೇವ್ನೇ. ಆದ್ರೆ ಬೂದು ಅಂಗಿಯವರ ಆ ಎಡತುದಿಯೋನು ಅವನನ್ನ ಮಡಚಿ ಜೇಬಿಗೆ ಹಾಕ್ಕೋತಾನೆ. ಇವನಿಲ್ದೆ ನಾವು ಅರ್ಧ ಆಟನೂ ನಿಲ್ಲಲ್ಲ. ನೋಡು, ಏನಾದ್ರೂ ಮಾಡೋಕಾಗುತ್ತಾ?"

"ನಿನ್ನ ಕೈ ಎಲ್ಲಿರುತ್ತಪ್ಪ ಸ್ಕ್ರಮ್‌ನಲ್ಲಿ?"

ಕೊಕ್ಕೆಗೆ ಪ್ರಶ್ನೆ ಅರ್ಥವಾಗುತ್ತದೆ. ಅವನ ಎರಡೂ ತೋಳು ಅಕ್ಕಪಕ್ಕದ ಇಬ್ಬರ ಬೆನ್ನ ಮೇಲಿರುತ್ತವೆ. ಸ್ಕ್ರಮ್ ಕುಸಿದರೆ ನೆಲಕ್ಕೆ ಊರಲು ಅವನಿಗೆ ಕೈಯೇ ಇರುವುದಿಲ್ಲ.

"ಇವನು ಬಲಗೈಲಿ ಆ ಎಡತುದಿಯೋನ ಅಂಗಿ ಹಿಡೀಬೇಕು," ಪಟ್ಟಿಯಕ್ಕ ಬಗ್ಗಿ ಕತ್ತರಿ ಎತ್ತಿಕೊಳ್ಳುತ್ತಾರೆ. "ಕತ್ತರಿ ನಿಲ್ಲದ ಕೈಲಿ ಅವನು ನಿಲ್ತಾನಾ? ಅವನು ಓರೆಯಾಗಿ ನುಗ್ಗೋದೂ ಇದೇ ಬಲಮಗ್ಗುಲಿಗೆ. ಮೊದಲು ಬೀಳೋದು ಇವನ ಕತ್ತು. ಅದರ ಮೇಲೆ ನೀನು. ನಿಮ್ಮ ಮೇಲೆ ಎಲ್ಲರೂ."

ಕೊಕ್ಕೆ ಮತ್ತೆ ಬೆಂಚಿಗೆ ಹೋಗಿ ಕೂರುತ್ತಾನೆ. ಬಿಗಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗುತ್ತಾನೆ. ಹೊರಗೆ ಜನ ಸೇರುತ್ತಿರುವ ಗುಜುಗುಜು ಗೋಡೆ ದಾಟಿ ಬರುತ್ತಿದೆ.

ಗೂಟ ಪಟ್ಟಿಯಕ್ಕನ ಮಣಿಕಟ್ಟು ಹಿಡಿದುಕೊಳ್ಳುತ್ತಾನೆ, ಎಡಗೈಯಲ್ಲಿ. "ಸರಿ, ನೀನು ಕಟ್ಟಬೇಡ. ನಾನೇ ಸುತ್ಕೋತೀನಿ. ನಿನ್ನ ಕೈಯಿಂದ ಏನೂ ಆಗೋದು ಬೇಡ. ಮೇಷ್ಟ್ರು ಕೇಳಿದ್ರೆ ಸುಮ್ಮನಿರು, ಅಷ್ಟೇ ಕೇಳ್ತಿರೋದು. ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನಾದ್ರೂ ಕೇಳಿದೀನಾ ಅಕ್ಕ?"

ಕೇಳಿಲ್ಲ. ಅದು ಪಟ್ಟಿಯಕ್ಕನಿಗೂ ಗೊತ್ತು. ಅವರ ಮಗಳ ಮದುವೆ ಮಾತುಕತೆ ಮುರಿದ ದಿನ ಮಾತಿಲ್ಲದೆ ಮನೆಗೆ ಬಂದು, ಅಂಗಳದಲ್ಲಿ ಗಂಡನ ಜೊತೆ ಹಳೆಯ ಎಂಜಿನ್ನು ಬಿಚ್ಚಿ ಸಂಜೆಯವರೆಗೆ ಕೂತಿದ್ದವನು ಇವನೇ. ಅವರು ಅವನ ಹಿಡಿತದಿಂದ ಕೈ ಬಿಡಿಸಿಕೊಳ್ಳುವುದಿಲ್ಲ. ಇನ್ನೊಂದು ಕೈಯಿಂದ ಅವನ ಹಿಂಗತ್ತನ್ನು ಹಿಡಿದು, ಮಗುವಿನ ತಲೆ ಹಿಡಿದಂತೆ, ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಾರೆ.

ಬಾಗಿಲು ತಳ್ಳಿಕೊಂಡು ಮೇಷ್ಟ್ರು ತಲೆ ಹಾಕುತ್ತಾರೆ. "ಅಕ್ಕ, ಬೇಗ. ರೆಫರಿ ಬೂಟು ನೋಡೋಕೆ ನಿಂತಿದಾನೆ. ಗೂಟ ತಯಾರು ತಾನೇ?"

ಗೂಟ ಪಟ್ಟಿಯಕ್ಕನ ಮುಖವನ್ನೇ ನೋಡುತ್ತಿದ್ದಾನೆ. "ಅಕ್ಕ," ಎನ್ನುತ್ತಾನೆ, ಅವರಿಗಷ್ಟೇ ಕೇಳುವಂತೆ. "ಒಂದೇ ಒಂದು ಸಲ."

"ಇಲ್ಲ," ಎನ್ನುತ್ತಾರೆ ಪಟ್ಟಿಯಕ್ಕ, ಮೇಷ್ಟ್ರಿಗೂ ಕೇಳುವಂತೆ. "ಕಟ್ಟಲ್ಲ. ಸುಮ್ಮನಿರೋದೂ ಇಲ್ಲ. ಡಾಕ್ಟರಮ್ಮನ್ನ ಕರೀರಿ ಮೇಷ್ಟ್ರೇ."